ಹ್ಯಾಂಡಲ್ಲಿನ ಪಟ್ಟಿ

ಬನಹಟ್ಟಿಯ ಶಿವಾಜಿ ಆ ಸೈಕಲ್ಲಿಗೆ ಒಂದು ಕಾಯಿದೆ ಮಾಡಿದ್ದ: ಎಂಬತ್ತನಾಲ್ಕನೇ ಇಸವಿಯಿಂದ ಈಚಿನ ಯಾವ ತುಣುಕೂ ಅದನ್ನು ಮುಟ್ಟಕೂಡದು.

ಅದು ಆ ಇಸವಿಯ, ಇಟಲಿಯ ರೇಸ್ ಸೈಕಲ್ಲು. ಅವನ ಅಕ್ಕ ಅನಸವ್ವ ಅದರ ಮೇಲೆ ಜಮಖಂಡಿಯ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದವಳು. ಮದುವೆಯಾಗಿ ಬೀಳಗಿಗೆ ಹೋದ ಮೇಲೆ ಪೆಡಲ್ ತುಳಿದಿರಲಿಲ್ಲ. ಸೈಕಲ್ಲು ನೂಲಿನ ಕೋಣೆಯ ಗೋಡೆಗೆ ನೇತುಬಿದ್ದಿತ್ತು. ಮೊದಲಿದ್ದಂತೆ ಮಾಡಿಟ್ಟರೆ ಅಕ್ಕ ಇನ್ನೊಮ್ಮೆ ಹತ್ತಿಯಾಳು ಎಂಬುದು ಶಿವಾಜಿಯ ಆಸೆ.

ಅವನು ಪವರ್‌ಲೂಮ್ ಯಜಮಾನ. ಹಾಸಿನ ಉದ್ದೆಳೆಗಳಲ್ಲಿ ಒಂದರ ಬಣ್ಣ ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಎದ್ದು ಕಾಣುತ್ತದೆಂದು ಬಲ್ಲವನು. ಅದೇ ಭಯವನ್ನು ಸೈಕಲ್ಲಿಗೂ ಅಂಟಿಸಿದ್ದ. ಪುಣೆಯಲ್ಲಿ ಹಳೆಯ ಸೈಕಲ್ಲುಗಳ ಹುಚ್ಚಿನವರೊಬ್ಬರನ್ನು ಹಿಡಿದು ಫೋನಿನಲ್ಲೇ ವ್ಯಾಸಂಗ ಮಾಡಿದ. ಬ್ರೇಕಿನ ವೈರು ಹ್ಯಾಂಡಲ್ಲಿನ ಮೇಲೆ ಕಮಾನಿನಂತೆ ಬಾಗಬೇಕು. ಹ್ಯಾಂಡಲ್ಲಿಗೆ ಸುತ್ತುವ ಟೇಪಿನಡಿ ಅಡಗುವ ವೈರು ಆಮೇಲಿನ ಶೋಕಿ. ಹೊಸ ಗೇರು ಸದ್ದಿಲ್ಲದೆ ಬೀಳುತ್ತದೆ, ಹಳೆಯದು ಕಟಕ್ ಎಂದು ಗದರುತ್ತದೆ. ಶಿವಾಜಿ ಗದರುವುದನ್ನೇ ಆರಿಸಿದ.

ದಿನಾ ಚಹಾಕ್ಕೆ ಬರುವ ನೆರೆಮನೆಯ ಮಲಕಾಜಪ್ಪ ಕೇಳಿದ: "ವರಾ ಹುಡಕಿದಂಗ ಹುಡಕಾಕತ್ತೀಯಲ್ಲೋ! ಗಾಳೀನೂ ಎಂಬತ್ನಾಕರದ್ದ ಹಾಕಸ್ತೀಯೇನ?"

ಹ್ಯಾಂಡಲ್ಲಿಗೆ ಸುತ್ತಿದ್ದ ಜಿಡ್ಡುಗಟ್ಟಿದ ಪಟ್ಟಿಯನ್ನು ಶಿವಾಜಿ ಬಿಚ್ಚಿ, ತುಂಡು ಮಾಡಿ, ಚೈನು ಒರೆಸಲು ಇಟ್ಟುಕೊಂಡ. ಅದರ ಜಾಗಕ್ಕೆ ಆ ಕಾಲದ್ದೇ ಬಿಳಿ ಹತ್ತಿಯ ಟೇಪು ಇಟಲಿಯಿಂದ ಬಂತು. ಹೀಗೆ ಮಗ್ಗದ ಸದ್ದಿನಲ್ಲೇ ಏಳುವ, ಮಲಗುವ ಊರಿಗೆ ಎರಡು ಬೆರಳಗಲದ ಬಟ್ಟೆ ವಿಮಾನದಲ್ಲಿ ಬಂದಿಳಿಯಿತು.

ಅನಸವ್ವ ಬಂದಳು. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದಳು, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ.

"ಛಂದ ಆಗೇತಿ."

"ಹತ್ತಕ್ಕಾ ಮತ್ತ."

"ಬ್ಯಾಡ್ ಬಿಡೋ ತಮ್ಮಾ. ನಂದ ಅನಸವಲ್ದು." ಹ್ಯಾಂಡಲ್ಲಿನತ್ತ ಬಾಗಿ ಕೇಳಿದಳು: "ಪಟ್ಟಿ ಎಲ್ಲೈತಿ?"

"ಇದ ಪಟ್ಟಿ. ಫ್ಯಾಕ್ಟರ್ಯಾಗ ಹಾಕಿದ್ದ ಇಂಥಾದ್ದ."

"ಫ್ಯಾಕ್ಟರೀದು ಬೆವರಿಗೆ ಜಾರಿ ಅನಗವಾಡಿ ಹೊಳಿ ಪೂಲಿನ ಮ್ಯಾಗ ಬಿದ್ದಿದ್ದೆ. ಆಮ್ಯಾಲೆ ಅವ್ವ ನೇದ ಕೊಟ್ಲಲಾ, ಅದು. ಗೆದ್ದದ್ದೆಲ್ಲಾ ಅದನ್ನ ಹಿಡದ."

ಶಿವಾಜಿ ಹೋಗಿ ಚೈನು ಒರೆಸುತ್ತಿದ್ದ ಚಿಂದಿಯ ತುಂಡೊಂದನ್ನು ತಂದ. ಬಿಸಿಲಿಗೆ ಹಿಡಿದಾಗ ಜಿಡ್ಡಿನಡಿಯಲ್ಲಿ ಅಂಚಿನುದ್ದಕ್ಕೂ ಸಣ್ಣ ಕೆಂಪು ಗೆರೆ ಕಂಡಿತು. ಮೂರು ತಲೆಮಾರಿನ ನೇಕಾರ. ಎಲ್ಲದರ ಇಸವಿ ನೋಡಿದ್ದ, ಅಂಚು ನೋಡಿರಲಿಲ್ಲ.

ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ ತಾಯಿ ಸೋಮವ್ವ ಎದ್ದಳು. "ಯಾರರ ಸತ್ತಾರೇನ ಹಂಗ ನಿಂದರಾಕ? ಇನ್ನೊಂದ ನೇದ್ರಾತು."

ಮನೆಯಲ್ಲಿ ಒಂದೇ ಕೈಮಗ್ಗ ಉಳಿದಿತ್ತು, ದಸರೆಯ ಪೂಜೆಗೆಂದು. ಅದರ ಮೇಲಿನ ಒಣಗಿದ ಹೂವು ತೆಗೆದು ಸೋಮವ್ವ ಬೆರಳೆಣಿಕೆಯ ಎಳೆಗಳ ಹಾಸು ಹೂಡಿದಳು. ಶಿವಾಜಿಯ ಕಾಯಿದೆಗೆ ಮತ್ತೆ ಜೀವ ಬಂತು.

"ಅವ್ವಾ, ಬಿಳೀ ಮ್ಯಾಗ ಕೆಂಪ ಗೆರಿ. ಮೊದಲಿನಂಗ."

"ಯಾಕ? ಅವಾಗ ಸೀರಿ ನೇದ ಉಳದ ನೂಲು ಅದೊಂದ ಇತ್ತು, ಹಾಕಿದ್ದೆ. ಈಗ ಹಸರ ಐತಿ, ಛಲೋ ಹಸರ."

"ಆದ್ರ ಎಂಬತ್ನಾಕರಾಗ..."

"ಸಿಕ್ಕಿದ್ರ ಎಂಬತ್ನಾಕರಾಗೂ ಹಸರನ ಹಾಕತಿದ್ನೆಲೇ!"

ಶಿವಾಜಿ ಅಕ್ಕನತ್ತ ನೋಡಿದ. ಅವಳು ಇಟಲಿಯ ಟೇಪನ್ನು ಆಗಲೇ ಬಿಚ್ಚತೊಡಗಿದ್ದಳು.

ಮಗ್ಗದಿಂದ ಇಳಿದ ಹಸಿರು ಪಟ್ಟಿಯನ್ನು ಅವಳೇ ಸುತ್ತಿದಳು, ಕೊನೆಯ ಗಂಟನ್ನು ಹಲ್ಲಿನಿಂದ ಬಿಗಿದಳು. ಒಳಗೆ ಹೋಗಿ ಶಿವಾಜಿಯ ಮಗಳ ಚೂಡಿದಾರ ತೊಟ್ಟು ಬಂದಳು; ಅದು ಬಿಗಿಯಾಗಿತ್ತು, ಯಾರೂ ಅದನ್ನು ಹೇಳಲಿಲ್ಲ. ಹ್ಯಾಂಡಲ್ ಹಿಡಿದು ಒಮ್ಮೆ ಹಿಚುಕಿ ನೋಡಿದಳು.

ಪುಣೆಯವರು ಪೂರ್ತಿಯಾದ ಸೈಕಲ್ಲಿನ ಫೋಟೋ ಕೇಳಿದ್ದರು. ಶಿವಾಜಿ ಫೋನು ತೆಗೆದು ಹಸಿರು ಕಾಣದ ಕೋನ ಹುಡುಕುವಷ್ಟರಲ್ಲಿ ಅಕ್ಕ ಓಣಿ ತಿರುಗಿಬಿಟ್ಟಿದ್ದಳು. ಗೇರು ಕಟಕ್ ಎಂದು ಗದರಿದ್ದಷ್ಟೇ ಕೇಳಿತು.