ಎಡ ಮೂಲೆಯ ತೂಕ

ನಲವತ್ತು ಪಾಯಿಂಟ್ ಸೊನ್ನೆ, ಹಸಿರು ಅಂಕಿ ಕದಲದೆ ನಿಂತಿದೆ, ನಿಲ್ಲದೆ ಏನು, ಇಪ್ಪತ್ತು ಕಿಲೋದ ಎರಡು ತೂಕದ ಬಟ್ಟುಗಳನ್ನು ಲಿಫ್ಟ್ ಕೆಟ್ಟ ಆಸ್ಪತ್ರೆಯಲ್ಲಿ ಮೂರು ಮಹಡಿ ಹೊತ್ತು ತಂದು ತೂಕದ ಯಂತ್ರದ ನಡುಮಧ್ಯೆ ಇಟ್ಟಿದ್ದೇನೆ, ಅದು ಸರಿಯಾಗಿ ತೂಗುತ್ತದೋ ಎಂದು ಪರೀಕ್ಷಿಸುವುದು ನನ್ನ ಕೆಲಸ, ಸೊಂಟ ಹಿಡಿದುಕೊಂಡಿದೆ, ಪಂಪ್‌ವೆಲ್‌ನಲ್ಲಿ ಮುಕ್ಕಾಲು ಗಂಟೆ ಟ್ರಾಫಿಕ್ ಬ್ಲಾಕ್ ಬೇರೆ — ಇವರೋ, ಡಯಾಲಿಸಿಸ್ ರೋಗಿಗಳನ್ನು ತೂಗಲೆಂದು ಇರುವ ಯಂತ್ರವನ್ನು ಗೋಡೆ ಗಡಿಯಾರಕ್ಕೆ ಸೆಲ್ ಹಾಕುವ ಮಣೆ ಮಾಡಿಕೊಂಡಿದ್ದಾರೆ, ಎಡ ಮೂಲೆಯಲ್ಲಿ ಬೂಟಿನ ಗುರುತು ಹಾಗೇ ಇದೆ, ಯಾರು ಸಿಸ್ಟರ್ ಇದರ ಮೇಲೆ ಹತ್ತಿದ್ದು ಅಂದರೆ ಅಪೊಲೋನಿಯಾ ಸಿಸ್ಟರ್ ಫೈಲಿನಿಂದ ಕಣ್ಣೆತ್ತದೆ, ಸೆಕ್ಯೂರಿಟಿ ಜೊಕಿಮ್ ಆಗಿರ್ಬೇಕು, ಎಂತ ಆಯ್ತು ಹರಿ, ತೂಕ ತೋರಿಸ್ತದಲ್ಲ. ತೋರಿಸುತ್ತದೆ, ತೋರಿಸದೆ ಎಲ್ಲಿಗೆ ಹೋಗುತ್ತದೆ, ಕಳೆದ ಗುರುವಾರ ಅಮ್ಮನಿಗೂ ತೋರಿಸಿತು, ಮೂರು ಕಿಲೋ ಹೆಚ್ಚು. ವಾರಕ್ಕೆರಡು ಸಲ ಅವಳಿಗೂ ಇಲ್ಲಿಯೇ ಡಯಾಲಿಸಿಸ್, ಕಿಡ್ನಿ ಕೈಬಿಟ್ಟ ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ, ಎಷ್ಟು ತೂಕ ಏರಿದೆಯೋ ಅಷ್ಟು ನೀರನ್ನು ಮೆಷಿನ್ ಎಳೆಯಬೇಕು, ದಿನಕ್ಕೆ ಮುಕ್ಕಾಲು ಲೀಟರ್ ಅಂದರೆ ಮುಕ್ಕಾಲು ಲೀಟರ್ ಅಮ್ಮಾ, ಕದ್ದು ಕುಡಿಯಲಿಕ್ಕೆ ನೀನೇನು ಸಣ್ಣ ಮಗುವಾ, ಎಲ್ಲರೆದುರೂ ಬೈದೆ, ಇಲ್ಲ ಮಗಾ, ದೇವರಾಣೆ ಕುಡೀಲಿಲ್ಲ, ಮತ್ತೆ ತೂಕ ಸುಳ್ಳು ಹೇಳ್ತದಾ, ಎಂದೆ. ಮೂರು ಲೀಟರ್ ಎಳೆದರು, ಬಿಪಿ ಕುಸಿಯಿತು, ಮೀನಖಂಡ ಸೆಟೆದುಕೊಂಡು ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ, ಮನೆಗೆ ಬಂದವಳೇ ತಾನು ನೀರು ಕುಡಿಯುವ, ನನ್ನ ಉಪನಯನದ ಸ್ಟೀಲ್ ಲೋಟವನ್ನು ಅಡುಗೆ ಕಟ್ಟೆಯ ಮೇಲೆ ಕವುಚಿಟ್ಟಳು, ನೋಡು, ಇನ್ನು ಮುಟ್ಟುವುದಿಲ್ಲ, ತಳದಲ್ಲಿ ಕೊರೆಸಿದ ನನ್ನ ಹೆಸರು ಮೇಲೆ ಬಂತು.

ಸಾಕು, ಕೆಲಸ ನೋಡು, ಮೂಲೆ ಪರೀಕ್ಷೆ ಬಾಕಿ ಇದೆ, ಬಟ್ಟುಗಳನ್ನು ನಾಲ್ಕೂ ಬದಿಗೆ ಸರಿಸಿ ನೋಡಬೇಕೆಂದು ನಿಯಮ, ಯಾರು ಸರಿಸುತ್ತಾರೆ, ನಡುವೆ ಸರಿ ಬಂದರೆ ಎಲ್ಲರೂ ತೂಕ ಸರಿಯಿದೆಯೆಂಬ ಸ್ಟಿಕ್ಕರ್ ಅಂಟಿಸಿ ಊಟಕ್ಕೆ ಹೋಗುವವರೇ — ಬಲಕ್ಕೆ ನಲವತ್ತು, ಮುಂದೆಯೂ ಹಿಂದೆಯೂ ನಲವತ್ತು, ಎಡಕ್ಕೆ ನಲವತ್ತೊಂದು ಪಾಯಿಂಟ್ ಮೂರು. ಎತ್ತಿ ಮತ್ತೆ ಇಡುತ್ತೇನೆ, ಮತ್ತೂ ಅದೇ ಅಂಕಿ. ಮಗುಚಿ ನೋಡಿದರೆ ಎಡಗಡೆಯ ಕಾಲು ಸೊಟ್ಟಗಾಗಿದೆ, ಸಿಟ್ಟು ನೆತ್ತಿಗೇರುತ್ತದೆ, ಸಿಸ್ಟರ್, ಎಡಕ್ಕೆ ವಾಲಿ ನಿಂತವರಿಗೆಲ್ಲ ಒಂದೂಕಾಲು ಕಿಲೋ ಜಾಸ್ತಿ, ನಿಮಗೆ ಒಮ್ಮೆಯೂ ಸಂಶಯ ಬರ್ಲಿಲ್ವಾ, ನಮಗೆ ಎಂತ ಗೊತ್ತು ಮಾರಾಯ್ರೆ, ಸ್ಟಿಕ್ಕರ್ ನಿಮ್ಮದೇ ಉಂಟಲ್ಲ. ನನ್ನದೇ, ಆರು ತಿಂಗಳ ಹಿಂದಿನದು, ಹರಿಕೃಷ್ಣ ಎಂದು ನನ್ನದೇ ಸಹಿ, ಬಾಗಿದ ಜಾಗದಲ್ಲಿ ದಪ್ಪ ತುಕ್ಕು, ನಿನ್ನೆ ಮೊನ್ನೆಯದಲ್ಲ, ಆವತ್ತು ಹಸಿವಾಗಿತ್ತು, ನಡುವೆ ಮಾತ್ರ ಇಟ್ಟು ನೋಡಿದ್ದೆ, ಜೊಕಿಮ್‌ನನ್ನು ಬೈದು ಏನು ಪ್ರಯೋಜನ, ಕಳೆದ ವಾರದಿಂದ ಅಮ್ಮನ ಬಲ ಮೊಣಕಾಲು ನೋಯುತ್ತಿದೆ, ಅವಳು ನಿಲ್ಲುವುದೇ ಎಡಗಾಲ ಮೇಲೆ ಭಾರ ಹಾಕಿ, ಇದು ನನಗಲ್ಲದೆ ಯಾರಿಗೆ ಗೊತ್ತು, ಉಗುರಿನಿಂದ ಸ್ಟಿಕ್ಕರ್ ಕೀಳುತ್ತೇನೆ, ಸಹಿಯ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ, ಫೋನ್ ಹೊಡೆದುಕೊಳ್ಳುತ್ತದೆ, ಅಮ್ಮ, ವಾಮಂಜೂರಿನಿಂದ ರಿಕ್ಷಾ ಹತ್ತಿದೆ ಮಗಾ, ದನಿ ಒಣಗಿದೆ, ನಿನ್ನೆಯಿಂದ ಒಂದು ತೊಟ್ಟೂ ಕುಡೀಲಿಲ್ಲ, ಇವತ್ತಾದ್ರೂ ತೂಕ ಸರಿ ಬರಬಹುದಲ್ಲ. ಅಮ್ಮಾ, ಎನ್ನುತ್ತೇನೆ, ಹಲೋ ಮಗಾ, ಕೇಳ್ತದಾ — ಅಡುಗೆ ಕಟ್ಟೆ, ಕವುಚಿಟ್ಟ ಲೋಟ, ಒಣಗಿದ ತಳ, ತಳದಲ್ಲಿ ನನ್ನ ಹೆಸರು, ಕವುಚಿಟ್ಟ ಲೋಟ