ಚಳಿಗೆ ಹೆದರಿದ ಕಂಪ್ಯೂಟರ್

ತಲೆ ನರೆಯುವ ತನಕ ಒರೆಸ್ಟ್ ಶಾಲೆಯ ಬಸ್ಸು ಓಡಿಸಿದವನು. ಸಸ್ಕಾಚೆವಾನಿನ ಜನವರಿಯ ಕೊರೆಯುವ ಚಳಿಯಲ್ಲಿ ಒಮ್ಮೆ ಆಫ್ ಮಾಡಿದ ಎಂಜಿನ್ ಮತ್ತೆ ಏಳುವುದು ದೇವರ ದಯೆ ಎಂದು ಅವನು ನಂಬಿದ್ದ. ನಿವೃತ್ತಿಯಾಗಿ ಬಸ್ಸು ಹೋಯಿತು, ಆ ಬುದ್ಧಿ ಮಾತ್ರ ಹೋಗಲಿಲ್ಲ. ಹಿಂಬಾಗಿಲ ಪಕ್ಕದ ಥಂಡಿ ಕೋಣೆಯಲ್ಲಿದ್ದ ಹಳೇ ಕಂಪ್ಯೂಟರನ್ನೂ ಹಗಲೂ ರಾತ್ರಿ ಆನ್ ಮಾಡಿಯೇ ಇಡುತ್ತಿದ್ದ.

ಹೆಂಡತಿ ಸ್ಟೆಫಾಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳು ಬೆಳೆದದ್ದು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಪಕ್ಕದಲ್ಲಿ. ಒಗೆದು ಹರವಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುವುದನ್ನು ನೋಡಿದವಳು.

"ಆಫ್ ಮಾಡಿದ್ರೆ ಏಳಲ್ಲ ಕಣೇ. ವಯಸ್ಸಾಗಿದೆ ಅದಕ್ಕೆ," ಎನ್ನುತ್ತಿದ್ದ ಒರೆಸ್ಟ್.

"ನಿನಗೂ ಆಗಿದೆ. ದಿನಾ ಬೆಳಿಗ್ಗೆ ಏಳ್ತಾ ಇಲ್ವಾ?"

ದೂರದ ಯೆಲೊನೈಫಿನಲ್ಲಿದ್ದ ಮಗಳು ಲೆಸ್ಯಾ ಹೊಸದು ಕೊಡಿಸುತ್ತೇನೆಂದಾಗ ಸ್ಟೆಫಾ ಒಪ್ಪಲಿಲ್ಲ. ನಡೆಯುವ ಯಂತ್ರವನ್ನು ಕಸದ ಗುಡ್ಡೆಗೆ ಎಸೆಯಲು ಅವಳಿಗೆ ಮನಸ್ಸಿರಲಿಲ್ಲ. ಇದ್ದದ್ದನ್ನೇ ಬಾಳಿಸೋಣ, ಬೇಕಾದಾಗ ಮಾತ್ರ ಹಾಕೋಣ ಎಂದು ಹಟ ಹಿಡಿದಳು. ಒರೆಸ್ಟ್ ಗೊಣಗುತ್ತಲೇ ಒಪ್ಪಿದ. ಅಂದಿನಿಂದ ಪ್ರತಿ ರಾತ್ರಿ ತಾನೇ ಹೋಗಿ ಆಫ್ ಮಾಡಿ ಬರುತ್ತಿದ್ದ. ಬೆಳಿಗ್ಗೆ ಅದು ತಕರಾರಿಲ್ಲದೆ ಏಳುತ್ತಿತ್ತು. ನೋಡಿದೆಯಾ ಎಂದು ಸ್ಟೆಫಾ ಬೀಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಬೋರ್ಶ್ ಸಾರಿಗೆ ಬೀಟ್‌ರೂಟ್ ತರಲು ಅವಳು ಆ ಕೋಣೆಗೆ ಹೋದಳು. ಒಳಗೆ ಹದವಾಗಿ ಬೆಚ್ಚಗಿತ್ತು. ಕಂಪ್ಯೂಟರಿನ ಮೇಲೆ ಅವಳ ಅತ್ತೆ ಹೊಲಿದ ಕೌದಿ, ಅದರೆದುರಿಗೆ ಕೆಂಪಗೆ ಉರಿಯುತ್ತಿದ್ದ ಎಲೆಕ್ಟ್ರಿಕ್ ಹೀಟರ್. ಇಷ್ಟು ದಿನ ಉಳಿಸಿದ ಕರೆಂಟಿನ ಹತ್ತು ಪಟ್ಟು ಆ ಹೀಟರ್ ಕುಡಿದು ಕೂತಿತ್ತು.

"ಒರೆಸ್ಟ್! ಇದೇನಿದು? ಬಾಣಂತಿ ಕೋಣೆನಾ?"

ಅವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಶೀತ ಆಗ್ಬಾರ್ದು ಅಂತ ಅಷ್ಟೇ."

"ನಿನ್ನ ತಲೆಗೆ ಶೀತ ಆಗಿದೆ ಮಾರಾಯ."

ಅವನು ನಗಲಿಲ್ಲ. "ನಾಳೆ ಹತ್ತು ಗಂಟೆಗೆ ಲೆಸ್ಯಾ ಇದರಲ್ಲೇ ತನ್ನ ಹಸುಗೂಸನ್ನ ತೋರಿಸ್ತಾಳೆ. ಮೊದಲನೇ ಸಲ ಸ್ಟೆಫಾ. ಇದು ಏಳದೇ ಹೋದ್ರೆ?"

ಸ್ಟೆಫಾಳ ಸಿಟ್ಟು ಅಲ್ಲೇ ಇಳಿದುಹೋಯಿತು. ಈ ಮುದುಕನನ್ನು ಏನು ಮಾಡುವುದು ಎಂದುಕೊಂಡಳು.

"ಮದುವೆಗೆ ಮುಂಚೆ ಒಂದು ಚಳಿಗಾಲ ನಮ್ಮಪ್ಪನ ಹೊಲದ ಮುಂದೆ ಬಸ್ಸಿನ ಎಂಜಿನ್ ಆಫ್ ಮಾಡಿದ್ದೆಯಲ್ಲ, ನೆನಪಿದೆಯಾ?" ಎಂದಳು.

"ಮರೀತೀನಾ? ಮಧ್ಯಾಹ್ನದವರೆಗೂ ಏಳಲಿಲ್ಲ. ಮಕ್ಕಳನ್ನೆಲ್ಲ ಕಟ್ಟಿಕೊಂಡು ನಿಮ್ಮ ಮನೆ ಬಾಗಿಲು ತಟ್ಟಿದೆ."

"ತಟ್ಟಿ, ಮಕ್ಕಳಿಗಿಂತ ಜಾಸ್ತಿ ಬೋರ್ಶ್ ನೀನೇ ಕುಡಿದೆ. ಅವತ್ತು ಎಂಜಿನ್ ಎದ್ದಿದ್ರೆ ನಾನೆಲ್ಲಿರ್ತಿದ್ದೆ, ನಿನ್ನ ಮಗಳೆಲ್ಲಿರ್ತಿದ್ಲು?"

ಒರೆಸ್ಟ್ ಬಗ್ಗಿ ಹೀಟರಿನ ಪ್ಲಗ್ ಕಿತ್ತ. ಕೌದಿಯನ್ನು ಮಡಚಿ ಅವಳ ಕೈಗಿಟ್ಟ.

ಭಾನುವಾರ ಕಿಟಕಿ ಗಾಜಿನ ಒಳಗೂ ಹಿಮ ಕಟ್ಟಿತ್ತು. ಒರೆಸ್ಟ್ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಪರದೆ ಕಪ್ಪಗೇ ಇತ್ತು. ಸ್ಟೆಫಾ, ತನ್ನ ಹಟದಿಂದ ಇವನಿಗೆ ಮೊಮ್ಮಗುವಿನ ಮುಖ ನೋಡುವುದು ತಪ್ಪಿಹೋಯಿತಲ್ಲ ಎಂದುಕೊಂಡಳು. 'ನಾನು ಹೇಳಲಿಲ್ವಾ' ಎಂಬ ಮಾತಿಗಾಗಿ ಕಾದಳು.

ಅವನು ಎದ್ದುಹೋಗಿ ಕೋಟು ಹಾಕಿಕೊಂಡು, ಅವಳ ಕೋಟನ್ನೂ ತಂದ.

"ಎಲ್ಲಿಗೆ?"

"ಎಂಜಿನ್ ಏಳದಿದ್ರೆ ಪಕ್ಕದ ಮನೆ ಬಾಗಿಲು ತಟ್ಟಬೇಕು. ನೀನೇ ಹೇಳಿದ್ದಲ್ವಾ? ಅವರ ಮನೇಲೂ ಕಂಪ್ಯೂಟರ್ ಇದೆ. ಬೋರ್ಶ್ ಪಾತ್ರೆ ತಗೋ, ಬರಿಗೈಲಿ ಹೋಗೋದು ಬೇಡ."

ಅವನು ಒಂದು ಕಾಲಿಗೆ ಬೂಟು ಸಿಕ್ಕಿಸಿ ಇನ್ನೊಂದಕ್ಕೆ ಬಗ್ಗಿದ್ದಾಗ ಕೋಣೆಯಿಂದ ಗುರ್ ಎಂಬ ಸದ್ದು ಬಂತು. ಹಳೇ ಯಂತ್ರ ತನ್ನ ಪುರುಸೊತ್ತಿನಲ್ಲಿ ಎದ್ದಿತ್ತು. ಒರೆಸ್ಟ್ ಒಂದೇ ಬೂಟಿನಲ್ಲಿ ಓಡಿದ.

ಪರದೆಯ ತುಂಬ ಲೆಸ್ಯಾಳ ಮಡಿಲು, ಮಡಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದ ಕೆಂಪು ಮುಖದ ಕೂಸು. ಎಬ್ಬಿಸಲೇ ಎಂದಳು ಲೆಸ್ಯಾ. ಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಪಕ್ಕಪಕ್ಕ ಕೂತು, ಕೋಟೂ ಬಿಚ್ಚದೆ, ನಿದ್ದೆಯನ್ನೇ ಕಣ್ತುಂಬ ನೋಡಿದರು.

ಮಾತು ಮುಗಿದ ಮೇಲೂ ಸ್ಟೆಫಾ ಕಂಪ್ಯೂಟರ್ ಆಫ್ ಮಾಡು ಎನ್ನಲಿಲ್ಲ. ಇವತ್ತೊಂದು ದಿನ ಹಾಗೇ ಉರಿಯಲಿ ಎಂದು ಅವಳಿಗೇ ಅನ್ನಿಸಿತ್ತು. ಒರೆಸ್ಟ್ ಮೆಲ್ಲಗೆ ಕೈ ಚಾಚಿ ಕಂಪ್ಯೂಟರ್ ಆಫ್ ಮಾಡಿದ.

"ಮಲಗಲಿ ಬಿಡು," ಎಂದ. "ಬೇಕಾದಾಗ ಏಳುತ್ತೆ."