ಶೆಟ್ಟರಿಗೆ ರಿಮೋರ್ಸ್ ಆದದ್ದು

೧೯೭೯ರ ಜನವರಿಯಲ್ಲಿ ಮಂಗಳೂರಿನ ಕದ್ರಿಯ ನಮ್ಮ ವಿಮಾ ಕಚೇರಿಯ ಗುಮಾಸ್ತ ಚಿತ್ತರಂಜನ ಶೆಟ್ಟರು ಹೊಟ್ಟೆನೋವೆಂದು ರಜೆ ಹಾಕಿ ಕಂಬಳಕ್ಕೆ ಹೋದರು. ಮಾವನ ಕೋಣಗಳು ಗೆದ್ದವು. ಮರುದಿನ ಪೇಪರಿನಲ್ಲಿ ಕೋಣಗಳ ಪಟ ಬಂತು. ಎರಡರ ನಡುವೆ, ಹೊಟ್ಟೆನೋವಿನ ಯಾವ ಲಕ್ಷಣವೂ ಇಲ್ಲದೆ, ಶೆಟ್ಟರು ನಗುತ್ತಿದ್ದರು.

ಮ್ಯಾನೇಜರರ ಮೆಮೊ ಬಂತು: ಎರಡು ದಿನದೊಳಗೆ ತೃಪ್ತಿಕರ ವಿವರಣೆ, ಇಲ್ಲವೇ ಬೀದರಿಗೆ ವರ್ಗ. ಮಂಗಳೂರಿಂದ ಅದಕ್ಕಿಂತ ದೂರ ಕಳಿಸಲು ರಾಜ್ಯದಲ್ಲಿ ಜಾಗವಿಲ್ಲ.

ಮೆಮೊ ಬಂದವರೆಲ್ಲ ಹೋಗುವುದು ಹೆಡ್ ಕ್ಲಾರ್ಕ್ ಗೋಪಾಲಕೃಷ್ಣ ಭಟ್ಟರ ಮೇಜಿಗೆ. ಕಚೇರಿಯ ಇಂಗ್ಲಿಷೆಲ್ಲ ಅವರದೇ.

“‘ರಿಗ್ರೆಟ್’ ಅಂತ ಬರೆಯುವ,” ಅಂದರು ಭಟ್ಟರು. “ಹೀಗೆ ಆಗಬಾರದಿತ್ತು ಅಂತ ಬೇಸರ, ಅಷ್ಟೆ. ಮಳೆ ಬಂದು ಮದುವೆ ಕೆಟ್ಟರೂ ರಿಗ್ರೆಟ್ಟೇ. ‘ರಿಮೋರ್ಸ್’ ಬೇರೆ. ನಾನೇ ಮಾಡಿದೆನಲ್ಲ ಅಂತ ಒಳಗೆ ಚುಚ್ಚುವುದು. ಬರೆದರೆ ತಪ್ಪು ಒಪ್ಪಿಕೊಂಡ ಹಾಗೆ. ಈ ಕಚೇರಿಯಲ್ಲಿ ಈವರೆಗೆ ಯಾರಿಗೂ ರಿಮೋರ್ಸ್ ಆದದ್ದಿಲ್ಲ.”

“ನನಗೆ ಎರಡೂ ಇಲ್ಲ ಭಟ್ರೇ. ಕೋಣ ಗೆದ್ದಿದೆ, ಬೇಸರ ಎಂತಕ್ಕೆ?”

“ಬೀದರಿನಲ್ಲಿ ಬರ್ತದೆ ಮಾರಾಯ್ರೆ.”

ಪಕ್ಕದಲ್ಲಿದ್ದ ಟೈಪಿಸ್ಟ್ ಗುಲಾಬಿ ಕೈ ನಿಲ್ಲಿಸಿದರು. “ಆ ದಿನ ನಿಮ್ಮ ಕೌಂಟರಿನಲ್ಲಿ ಕೂತದ್ದು ಯಾರು ಗೊತ್ತುಂಟಾ ಶೆಟ್ರೇ? ನಾನು. ಅಣ್ಣ ಕುವೈತಿಗೆ ಹೊರಟಿದ್ದ. ಬೊಂಬಾಯಿ ಬಸ್ಸಿಗೆ ಬಿಡ್ಲಿಕ್ಕೆ ಅರ್ಧ ದಿನ ರಜೆ ಕೇಳಿದ್ದೆ. ನೀವಿಲ್ಲ ಅಂತ ಕೊಡ್ಲಿಲ್ಲ. ಇನ್ನು ಅವ ಬರುವುದು ಮೂರು ವರ್ಷಕ್ಕೆ.”

“ನನಗೆ ಹೇಳ್ಬಹುದಿತ್ತಲ್ಲ.”

“ಹೇಗೆ ಹೇಳುವುದು? ನೀವು ಬಂದ ಮೇಲೆ ಬರೀ ಕೋಣದ್ದೇ ಮಾತು.”

ಶೆಟ್ಟರು ಮೆಮೊವನ್ನು ಮಡಚಿ, ಮತ್ತೆ ಬಿಡಿಸಿ, ಭಟ್ಟರ ಮುಂದಿಟ್ಟರು.

“ಭಟ್ರೇ, ಆ ಎರಡನೆಯದ್ದನ್ನೇ ಬರೆಯಿರಿ. ಇವರ ಅಣ್ಣನ ವಿಷಯವೂ ಬರ್ಲಿ.”

“ಬೀದರ್?”

“ಬರೆಯಿರಿ.”

ಮ್ಯಾನೇಜರರು ಕಾಗದವನ್ನು ಎರಡು ಸಲ ಓದಿದರು. “ಇದು ಯಾರದ್ದು?”

“ಇಂಗ್ಲಿಷ್ ಭಟ್ರದ್ದು ಸರ್. ತಪ್ಪು ನನ್ನದು.”

ಆ ಅರ್ಧ ದಿನದ ರಜೆ ಕೊಡದವರು ತಾವೇ ಎಂಬುದು ಮ್ಯಾನೇಜರರಿಗೆ ನೆನಪಾಗಿರಬೇಕು. ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. “ಬೀದರ್ ಬೇಡ. ಗುಲಾಬಿ ಯಾವ ದಿನ ಕೇಳುತ್ತಾರೋ ಆ ಒಂದು ದಿನ ಅವರಿಗೆ ರಜೆ. ಆವತ್ತು ಅವರ ಕೆಲಸ ನಿಮ್ಮದು.”

ಹೊರಬಂದ ಶೆಟ್ಟರು ಮೂರು ಲೋಟ ನೀರು ಕುಡಿದು ಸುದ್ದಿ ಹೇಳಿದರು.

“ನಾಳೆಯೇ ಬೇಕು,” ಅಂದರು ಗುಲಾಬಿ.

“ಎಂತಕ್ಕೆ?”

“ಮಲಗ್ಲಿಕ್ಕೆ.”

ಮರುದಿನ ಶೆಟ್ಟರು ಟೈಪ್‌ರೈಟರಿನ ಎದುರು ಕೂತು, ಒಂದೇ ಬೆರಳಿನಲ್ಲಿ, ಬಹಳ ಸಂತೋಷದಿಂದ, ಅಕ್ಷರಗಳನ್ನು ಹುಡುಕುತ್ತಿದ್ದರು.